ಈಶಾನ್ಯದ ಚೊಂಬು

ಶಿವಶಂಕರಪ್ಪ ಕೆಲಸ ಮಾಡುತ್ತಿದ್ದ ಯಾವ ಫೌಂಡ್ರಿಯೊಳಗೂ ಯಾರೂ ನೀರು ಕುಡಿಯುವಂತಿರಲಿಲ್ಲ. ಬಾಯಾರಿದವರು ಹೊಸ್ತಿಲು ದಾಟಿ ಹೊರಗೆ ಬಂದು, ಮರದ ಕೆಳಗಿಟ್ಟ ಮಡಕೆಯಿಂದ ಕುಡಿದು, ಕೈ ಬಾಯಿ ಒರೆಸಿಕೊಂಡು ಒಳಗೆ ಹೋಗಬೇಕು. ಹೆಂಡತಿ ಜಗದಾಂಬಾ ಊಟ ತಂದರೆ ಬುತ್ತಿಯನ್ನು ಬಾಗಿಲ ಹೊರಗೇ ಇಡಬೇಕು, ಮಜ್ಜಿಗೆಯ ತಂಬಿಗೆಯನ್ನು ಇನ್ನೂ ದೂರದಲ್ಲಿ. ಮದುವೆಯಾದ ಹೊಸತರಲ್ಲಿ ಅವಳು ಇದನ್ನು ನೋಡಿ ನಕ್ಕಿದ್ದಳು. "ನಿಮ್ಮ ಕುಲುಮೆಗಿಂತ ಅಯ್ನೋರ ಅಡುಗೆಮನೇನೇ ವಾಸಿ, ಏನ್ ಮಡೀರಿ ಇದು" ಎಂದು ಛೇಡಿಸಿದ್ದಳು. ನಾಗಯ್ಯನ ಮುಖ ಸುಟ್ಟ ಮೇಲೆ ನಗುವುದನ್ನು ಬಿಟ್ಟಳು.

ಅದು ನಡೆದದ್ದು ಭದ್ರಾವತಿಯಲ್ಲಿ. ಆಗ ಗಂಡ ಹೆಂಡತಿ ಅಲ್ಲಿಯ ಒಂದು ವಠಾರದಲ್ಲಿದ್ದರು. ಹೊಳೆಯಾಚೆ ಯಾರೋ ನಡೆಸುತ್ತಿದ್ದ ಸಣ್ಣದೊಂದು ಫೌಂಡ್ರಿಯಲ್ಲಿ ಶಿವಶಂಕರಪ್ಪನೂ ಅವನ ಜೊತೆಗಾರ ನಾಗಯ್ಯನೂ ಕೆಲಸಕ್ಕಿದ್ದರು. ಮರಳಿನಲ್ಲಿ ಅಚ್ಚು ಕಟ್ಟಿ, ಕುಲುಮೆಯಲ್ಲಿ ಕರಗಿದ ಬೀಡು ಕಬ್ಬಿಣವನ್ನು ಅದರೊಳಗೆ ಹುಯ್ಯುವ ಕೆಲಸ. ಒಂದು ಮಳೆಗಾಲದಲ್ಲಿ ಸೂರು ಸೋರಿ, ನೆಲದೊಳಗೆಲ್ಲೋ ನೀರು ಇಳಿದು ನಿಂತಿತ್ತು. ಮೇಲಿನ ಮರಳು ಒಣಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಕಬ್ಬಿಣ ಒಳಗಿಳಿದದ್ದೇ ತಡ, ನೆಲವೇ ಸಿಡಿಯಿತು. ವಠಾರದ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಜಗದಾಂಬಾಗೆ ಆ ಸದ್ದು ಕೇಳಿಸಿತು. ಬಿಂದಿಗೆ ಅಲ್ಲೇ ಬಿಟ್ಟು ಓಡಿದವಳು, ಸತ್ತವನು ತನ್ನ ಗಂಡನೇ ಎಂದು ದಾರಿಯುದ್ದಕ್ಕೂ ಅತ್ತಳು. ಯಾರೂ ಸತ್ತಿರಲಿಲ್ಲ. ಅಚ್ಚಿನ ಆಚೆ ಬದಿಗೆ ನಿಂತಿದ್ದ ನಾಗಯ್ಯನ ಒಂದು ಕಣ್ಣು ಹೋಗಿ, ಕೆನ್ನೆಯಿಂದ ಕತ್ತಿನವರೆಗೆ ಚರ್ಮ ಸುಟ್ಟಿತ್ತು. ಅವನನ್ನು ಗಾಡಿಗೆ ಹತ್ತಿಸುತ್ತಿದ್ದಾಗ ಜಗದಾಂಬಾ ನಾಲ್ಕು ಜನರೆದುರಿಗೆ ಗಂಡನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು. ಸದ್ಯ, ಇವರಲ್ಲವಲ್ಲ ಎಂದು ಆಗ ಅವಳಿಗೆ ಸಂತೋಷವಾಗಿತ್ತು. ಅದನ್ನು ನೆನೆದರೆ ನಾಗಯ್ಯನ ಮುಖ ನೋಡಲು ಅವಳಿಗೆ ಇವತ್ತಿಗೂ ನಾಚಿಕೆ.

ಅಲ್ಲಿಂದ ಮುಂದೆ ಕುಲುಮೆ ಹಚ್ಚುವ ದಿನ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಗಂಡ ಮನೆಗೆ ಬಂದು, ಕೈಕಾಲು ತೊಳೆದು, ಮಣೆಯ ಮೇಲೆ ಕೂತ ಮೇಲೆಯೇ ಅವಳ ಎದೆ ಹಗುರಾಗುತ್ತಿದ್ದದ್ದು. ಪಕ್ಕದ ಮನೆಯ ಪಾತ್ರೆ ಬಿದ್ದು ಸದ್ದಾದರೂ ಬೆಚ್ಚುತ್ತಿದ್ದಳು. ಹೇಳಿಕೊಂಡರೆ ನಗುತ್ತಾರೆಂದು ಯಾರಿಗೂ ಹೇಳುತ್ತಿರಲಿಲ್ಲ.

ಆಮೇಲೆ ಅವರು ಶಿವಶಂಕರಪ್ಪನ ತಾಯಿಯಿದ್ದ ಶಿವಮೊಗ್ಗಕ್ಕೆ ಬಂದರು. ಬಾಡಿಗೆ ಮನೆಯ ಹಿತ್ತಿಲಲ್ಲಿ ಶಿವಶಂಕರಪ್ಪ ತನ್ನದೇ ಒಂದು ಸಣ್ಣ ಕುಲುಮೆ ಹಾಕಿದ. ಭದ್ರಾವತಿಯಲ್ಲಿ ಯಾರೂ ಕೆಲಸ ಕೊಡದ ನಾಗಯ್ಯನನ್ನು ಕರೆತಂದು ಜೊತೆಗಿಟ್ಟುಕೊಂಡ. ಗಾಡಿ ಚಕ್ರದ ಬುಷ್ಷು, ಒಲೆಯ ಸರಳು ಹುಯ್ದು ಬದುಕು ಸಾಗುತ್ತಿತ್ತು. ಆದರೆ ಬೀದಿಯವರು ಎಷ್ಟು ದಿನ ಹೊಗೆ ಕುಡಿದಾರು? ಯಾರೋ ಅರ್ಜಿ ಬರೆದರು, ಮುನಿಸಿಪಾಲಿಟಿಯವರು ಬಂದು, ಯುಗಾದಿಯೊಳಗೆ ಕುಲುಮೆ ಎತ್ತಬೇಕು ಎಂದು ಹೇಳಿ ಹೋದರು.

ಅದೇ ಹೊತ್ತಿಗೆ ಸರ್ಕಾರ ಊರ ಹೊರಗೆ ಸಣ್ಣ ಕೈಗಾರಿಕೆಯವರಿಗೆಂದು ಷೆಡ್ಡುಗಳನ್ನು ಕಟ್ಟಿಸಿತು. ಷೆಡ್ಡಿಗೆ ಕರೆಂಟು, ಕುಲುಮೆಗೆ ಗಾಳಿ ಊದುವುದಕ್ಕೆ ಮೋಟಾರು, ಭದ್ರಾವತಿಯಿಂದ ಬೀಡು ಕಬ್ಬಿಣ ಎತ್ತುವುದಕ್ಕೆ ಪರ್ಮಿಟ್ಟು. ಇಷ್ಟೆಲ್ಲಾ ಇಲಾಖೆಯೇ ಕೊಡುತ್ತದೆ ಎಂದಾಗ ಶಿವಶಂಕರಪ್ಪ ಮೊದಲು ನಂಬಲಿಲ್ಲ. ಒಂದು ಕರಾರೂ ಇತ್ತು. ಗೊತ್ತು ಮಾಡಿದ ದಿನ, ಕಮಿಟಿಯವರ ಕಣ್ಣೆದುರಿಗೆ, ಕಬ್ಬಿನ ಗಾಣದ ದೊಡ್ಡ ಉರುಳೆಯೊಂದನ್ನು ಹುಯ್ದು ತೋರಿಸಬೇಕು. ಚೆನ್ನಾಗಿ ಬಂದರೆ ಷೆಡ್ಡೂ ಪರ್ಮಿಟ್ಟೂ ಅವನ ಹೆಸರಿಗೆ, ಇಲ್ಲದಿದ್ದರೆ ಸಾಲಿನಲ್ಲಿದ್ದ ಮುಂದಿನವನಿಗೆ. ಅದೂ ಕೈತಪ್ಪಿದರೆ ಶಿವಶಂಕರಪ್ಪನಿಗೆ ಕುಲುಮೆ ಹಾಕಲು ಈ ಊರಿನಲ್ಲಿ ಒಂದು ಗೇಣು ಜಾಗವಿರಲಿಲ್ಲ. ಮತ್ತೆ ಭದ್ರಾವತಿಗೆ ಹೋಗಿ ಯಾರದೋ ಕೈಕೆಳಗೆ ಕೂಲಿ ಮಾಡಬೇಕು. ಒಕ್ಕಣ್ಣಿನ ನಾಗಯ್ಯನಿಗಂತೂ ಆ ಕೂಲಿಯೂ ಇಲ್ಲ.

ಊರೆಲ್ಲ ಇದನ್ನು ಕೇಳಿ ಭೇಷ್ ಅಂದರೆ, ಶಿವಶಂಕರಪ್ಪನ ತಾಯಿ ಸುಭದ್ರಮ್ಮ ಮಾತ್ರ ಹಣೆಗೆ ಕೈ ಹಚ್ಚಿ ಕೂತಳು. ಷೆಡ್ಡುಗಳು ಎದ್ದ ಜಾಗದಲ್ಲಿ ಹಿಂದೆ ಒಂದು ಕುಂಟೆ ಇತ್ತು. ಸರ್ಕಾರದವರು ಮಣ್ಣು ಹೊಡೆದು ಅದನ್ನು ಮುಚ್ಚಿದ್ದರು. ಸುಭದ್ರಮ್ಮ ಸೊಸೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಆ ಕುಂಟೆಯ ಏರಿಯ ಮೇಲೆ ಗಂಗೆಪೂಜೆ ಮಾಡಿದ್ದಳಂತೆ.

"ನೀರಿದ್ ಜಾಗ ಮುಚ್ಚಿ ಅಲ್ಲಿ ಬೆಂಕಿ ಹಚ್ತೀಯಾ ಶಂಕ್ರ? ಗಂಗವ್ವ ಸುಮ್ನಿರ್ತಾಳೇನೋ?" ಎಂದು ಕೇಳಿದಳು.

"ಅವ್ವ, ನೀರಿನ ಹೆಸರು ಎತ್ತಬೇಡ. ಅಲ್ಲಿಗೆ ತೀರ್ಥ ಗೀರ್ಥ ಏನೂ ತರಕೂಡದು" ಎಂದು ಮಗ ಒರಟಾಗಿ ಹೇಳಿ ಎದ್ದು ಹೋದ. ಯಾಕೆ ಕೂಡದು ಎಂದು ಹೇಳಲಿಲ್ಲ. ಭದ್ರಾವತಿಯಲ್ಲಿ ನಡೆದದ್ದನ್ನು ಮುದುಕಿ ಹೆದರುತ್ತಾಳೆಂದು ಯಾರೂ ಅವಳಿಗೆ ಸರಿಯಾಗಿ ತಿಳಿಸಿರಲಿಲ್ಲ. ಎಣ್ಣೆ ಬಾಣಲೆ ಉಕ್ಕಿ ನಾಗಯ್ಯನ ಮುಖ ಸುಟ್ಟಿತು ಎಂದೇ ಅವಳು ನಂಬಿದ್ದಳು. ಒಳ್ಳೆಯ ಮನಸ್ಸಿನಿಂದ ಹೇಳಿದ ಆ ಸುಳ್ಳು ಮುಂದೆ ಎಂಥ ಕೆಲಸ ಮಾಡಿತು ನೋಡಿ.

ಸುಭದ್ರಮ್ಮ ಹೊಳಲೂರಿನ ತಂಗಿಯ ಮನೆಗೆಂದು ಹೊರಟಳು. ಅಲ್ಲಿಂದ ಕೂಡಲಿಗೆ ಹೋಗಿ, ತುಂಗೆ ಭದ್ರೆ ಸೇರುವಲ್ಲಿ ಮಿಂದು, ಒಂದು ತಾಮ್ರದ ಚೊಂಬಿನಲ್ಲಿ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅರಗು ಮೆತ್ತಿಸಿ, ಸೀರೆಗಂಟಿನಲ್ಲಿಟ್ಟುಕೊಂಡು ಬಂದಳು. ಬಂದ ಮಾರನೆಯ ಮಧ್ಯಾಹ್ನ ಸೊಸೆಯನ್ನು ಕರೆದಳು.

"ಜಗದಾ, ಬಾ, ಷೆಡ್ಡು ನೋಡ್ಕೊಂಡ್ ಬರಾಣ. ಅವ್ರಿಬ್ರೂ ಇದ್ಲು ತರಕ್ಕೆ ಹೋಗಿದಾರೆ."

ಹೊರಡುವ ಮುಂಚೆ ಅತ್ತೆ ಅವಳ ಕೈಯನ್ನು ಅವಳ ಕೊರಳ ಲಿಂಗದ ಮೇಲಿಟ್ಟು ಆಣೆ ಮಾಡಿಸಿದಳು. "ಈ ಚೊಂಬು ಅಲ್ಲಿ ಹೂತಿಟ್ರೆ ಗಂಗವ್ವ ಸುಮ್ನಾಗ್ತಾಳೆ. ಶಂಕ್ರಂಗೆ ಹೇಳಲ್ಲ ಅನ್ನು. ಹೇಳಿದ್ರೆ ಫಲ ಹೋಗುತ್ತೆ." ಜಗದಾಂಬಾ ಹೂಂ ಎಂದಳು. ಮುದುಕಿ ಅವಳ ಕೈಯನ್ನು ಬಿಡದೆ ಒತ್ತಿ ಹಿಡಿದಿದ್ದಳು. ಮಗನಿಗಾಗಿ ಹೆದರುವ ಆ ಕೈ ಕಂಡಾಗ ಜಗದಾಂಬಾಗೆ, ಈ ಮನೆಯಲ್ಲಿ ತಾನೊಬ್ಬಳೇ ಹೆದರುವವಳಲ್ಲ ಎಂದು ಒಂದು ಥರ ಸಮಾಧಾನವೇ ಆಯಿತು. ಮಡಕೆ ಇಡಬಾರದು, ನೀರು ಚೆಲ್ಲಬಾರದು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಇದು ಅರಗು ಹಾಕಿ ಮುಚ್ಚಿದ ಚೊಂಬು, ತೊಟ್ಟು ಹೊರಗೆ ಬರುವುದಿಲ್ಲ, ನೆಲದೊಳಗೆ ಇರುತ್ತದೆ. ದೋಷವೇನು ಎಂದುಕೊಂಡಳು.

ಷೆಡ್ಡಿನ ನೆಲಕ್ಕೆ ಆಗಷ್ಟೇ ಹೊಸ ಮರಳು ಹಾಸಿತ್ತು. ಜಗದಾಂಬಾ ಬಾಗಿಲಲ್ಲಿ ರಸ್ತೆಯ ಕಡೆ ಮುಖ ಮಾಡಿ ಕಾವಲು ನಿಂತಳು. ಹಿಂದೆ ಅತ್ತೆ ಮೊಣಕಾಲೂರಿ ಮರಳು ತೋಡುವ ಸದ್ದು ಕೇಳುತ್ತಿತ್ತು.

"ಈಶಾನ್ಯ ಇದೇ ಅಲ್ವೇನೇ?"

"ಹೂಂ ಅತ್ತೇರೇ, ಬೇಗ ಮುಗ್ಸಿ" ಎಂದಳು ಜಗದಾಂಬಾ, ಹಿಂದಿರುಗಿ ನೋಡದೆ.

ಪರೀಕ್ಷೆಯ ದಿನ ಬಂತು. ಷೆಡ್ಡಿನ ಮುಂದೆ ಮಾವಿನ ತೋರಣ, ಬೆಂಚು, ಮೂರ್ನಾಲ್ಕು ಕುರ್ಚಿ. ಕೈಗಾರಿಕಾ ಇಲಾಖೆಯ ಅಧಿಕಾರಿ ಶಂಕರನಾರಾಯಣ ಕೊಡೆ ಮಡಿಸಿ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ಮಾತು ಕಡಿಮೆ, ಮುಖದಲ್ಲಿ ನಗು ಅದಕ್ಕಿಂತ ಕಡಿಮೆ. ಅವರ ಹಿಂದೆ ವರ್ತಕರ ಸಂಘದ ಅಧ್ಯಕ್ಷ ಷಡಕ್ಷರಪ್ಪ, ಜರಿಪೇಟ ಸುತ್ತಿಕೊಂಡು, ಕಂಡವರಿಗೆಲ್ಲ ಕೈ ಮುಗಿಯುತ್ತ ಬಂದರು. ಬಂದವರೇ ಸಣ್ಣದೊಂದು ಭಾಷಣ ಮಾಡಿದರು. "ಭದ್ರಾವತಿಗೆ ಕಾರ್ಖಾನೆ ಬಂತು, ಊರು ಬೆಳೀತು. ನಾವು ಶಿವಮೊಗ್ಗದೋರು ಅಡಿಕೆ ಮಂಡಿ ಕಾಯ್ತಾ ಕೂತ್ವಿ. ಇನ್ಮೇಲೆ ಹಂಗಾಗಲ್ಲ!" ಎಂದಾಗ ಹೊರಗೆ ನಿಂತಿದ್ದ ಅಕ್ಕಪಕ್ಕದ ಷೆಡ್ಡಿನವರು ಚಪ್ಪಾಳೆ ತಟ್ಟಿದರು.

ಸುಭದ್ರಮ್ಮ ಬಂದಿರಲಿಲ್ಲ. ಮನೆಯಲ್ಲೇ ಲಿಂಗಪೂಜೆಗೆ ಕೂತಿದ್ದಳು. ಜಗದಾಂಬಾ ಬಂದವರಿಗೆ ಕೊಡಲು ಎಲೆ ಅಡಿಕೆಯ ತಟ್ಟೆ ಹಿಡಿದು ಹೊಸ್ತಿಲ ಬಳಿ ನಿಂತಿದ್ದಳು. ಹಿಂದಿನ ಗೋಡೆಯ ಹತ್ತಿರ ಕುಲುಮೆ ಗುಡುಗುತ್ತಿತ್ತು. ಒಳಗೆ ಕಬ್ಬಿಣ ಕರಗಿ ನಿಂತಿದೆ ಎಂದು ಅವಳಿಗೆ ಆ ಸದ್ದಿನಿಂದಲೇ ತಿಳಿಯುತ್ತಿತ್ತು. ಒಳಗಿನಿಂದ ನೋಡಿದರೆ ಬಾಗಿಲ ಎಡಮೂಲೆಯಲ್ಲಿ ಗಾಣದ ಉರುಳೆಯ ದೊಡ್ಡ ಅಚ್ಚು ಅರ್ಧ ಮರಳಲ್ಲಿ ಹೂತು ಕೂತಿತ್ತು. ಎರಕವಾದ ಮೇಲೆ ಗಾಡಿಗೆ ಏರಿಸಲು ಸುಲಭವೆಂದು ಅದನ್ನು ಬಾಗಿಲ ಹತ್ತಿರವೇ ಇಟ್ಟಿದ್ದರು. ಬಲಮೂಲೆಯಲ್ಲಿ ಬುಷ್ಷುಗಳ ಸಣ್ಣ ಅಚ್ಚುಗಳ ಸಾಲು. ಅವಳು ಗಂಡನ ಬೆನ್ನನ್ನೇ ನೋಡುತ್ತ, ಇವತ್ತೊಂದು ದಿನ ಕಳೆಯಲಿ ಶಿವನೇ ಎನ್ನುತ್ತಿದ್ದಳು.

ಅಷ್ಟರಲ್ಲಿ ಷಡಕ್ಷರಪ್ಪ ಚೀಲದಿಂದ ಬೆಳ್ಳಿಯ ಪನ್ನೀರುದಾನಿ ತೆಗೆದರು. ಮದುವೆ ಮುಂಜಿ ಎಲ್ಲಿಗೆ ಹೋದರೂ ಅವರ ಜೊತೆ ಅದು ಇದ್ದೇ ಇರುತ್ತಿತ್ತು. ಅಧಿಕಾರಿಗಳಿಗೆ ಸಿಂಪಡಿಸಿ, ಕುಲುಮೆಗೂ ಅಚ್ಚಿಗೂ ಸಿಂಪಡಿಸೋಣವೆಂದು ಒಳಗೆ ಕಾಲಿಟ್ಟರು.

"ಬೇಡಿ! ಸ್ವಾಮಿ, ಬೇಡಿ!" ಶಿವಶಂಕರಪ್ಪ ಕೂಗಿದ ರಭಸಕ್ಕೆ ಷಡಕ್ಷರಪ್ಪ ನಿಂತಲ್ಲೇ ನಿಂತರು. ಅವನು ಓಡಿಬಂದು ಎರಡೂ ಕೈಯಿಂದ ಪನ್ನೀರುದಾನಿಯನ್ನು ತಡೆದ.

"ಏನಯ್ಯಾ, ಶುಭ ಕಾರ್ಯಕ್ಕೆ ಪನ್ನೀರು ಬೇಡ್ವೇ?"

"ತಪ್ಪು ತಿಳೀಬೇಡಿ. ಕಾದ ಕಬ್ಬಿಣದ ಹತ್ರ ನೀರು ಬರಬಾರ್ದು. ಅಚ್ಚು ಕಟ್ಟೋ ಮರಳಿಗೂ ನಾವು ಹದ ನೋಡಿ, ಹೊರಗಡೆ ಕಲಸ್ಕೊಂಡು ತರ್ತೀವಿ."

ಶಂಕರನಾರಾಯಣ ಕನ್ನಡಕ ಸರಿಮಾಡಿಕೊಂಡು ಕೇಳಿದರು. "ನಾಲ್ಕು ಹನಿಗೆ ಏನಾಗುತ್ತೆ?"

"ಮೇಲೆ ಬಿದ್ದ ನಾಲ್ಕು ಹನಿ ಚುರ್ ಅಂದು ಹೋಗಬಹುದು ಸಾರ್. ಕೆಳಗಿರೋ ನೀರೇ ಯಮ. ನೆಲದೊಳಗೆ ಒಂದು ಲೋಟ ನೀರಿದ್ರೂ, ಮೇಲಿಂದ ಕಬ್ಬಿಣದ ಕಾವು ತಗುಲಿದ್ರೆ ಅದು ಆವಿಯಾಗಿ ಹೊರಗೆ ಬರಕ್ಕೆ ದಾರಿ ಹುಡುಕುತ್ತೆ. ದಾರಿ ಇಲ್ಲ ಅಂದ್ರೆ ಅಚ್ಚನ್ನೂ ಕಬ್ಬಿಣಾನೂ ಸೇರಿಸಿ ಎತ್ತಿ ಬಿಸಾಕುತ್ತೆ." ಅವನು ನಾಗಯ್ಯನ ಕಡೆ ಕೈ ತೋರಿಸಿದ. "ಇವ್ನ ಮುಖ ನೋಡಿ."

ನಾಗಯ್ಯ ಮುಖ ತಗ್ಗಿಸಿದ.

ಜಗದಾಂಬಾಳ ಕೈಯ ತಟ್ಟೆಯಿಂದ ಅಡಿಕೆ ಚೂರುಗಳು ನೆಲಕ್ಕೆ ಬಿದ್ದವು. ನೆಲದೊಳಗೆ ಒಂದು ಲೋಟ. ಅತ್ತೆಯ ಚೊಂಬಿನಲ್ಲಿ ಅಂಥ ಎಷ್ಟು ಲೋಟ ಇದ್ದೀತು? ಅದೂ ಅರಗು ಹಾಕಿ ಮುಚ್ಚಿದ್ದು, ದಾರಿಯೇ ಇಲ್ಲದ್ದು. ಭದ್ರಾವತಿಯ ಆ ಸದ್ದು ಈಗ ಇನ್ನೊಮ್ಮೆ, ಇಲ್ಲೇ, ತನ್ನ ಕಣ್ಣ ಮುಂದೆಯೇ ಕೇಳಲಿದೆ ಎನ್ನಿಸಿತು.

ಹೇಳಬೇಕು. ಆದರೆ ಹೇಗೆ? ಇಷ್ಟು ಜನ ಗಂಡಸರ ನಡುವೆ ಹೋಗಿ, ಅಧಿಕಾರಿಗಳ ಎದುರಿಗೆ ಹೇಳಿದರೆ ಷೆಡ್ಡು ಹೋದಂತೆಯೇ. ನೆಲದಲ್ಲಿ ಮಂತ್ರದ ಚೊಂಬು ಹೂತವನಿಗೆ ಯಾವ ಸರ್ಕಾರ ಕಬ್ಬಿಣ ಕೊಟ್ಟೀತು? ಜೊತೆಗೆ ಲಿಂಗ ಮುಟ್ಟಿ ಮಾಡಿದ ಆಣೆ. ಅವಳು ಸೆರಗಿನೊಳಗೆ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಳು. ನನ್ನನ್ನು ಏನು ಬೇಕಾದರೂ ಮಾಡು, ಇವರನ್ನು ಬಿಡು ಎಂದು ಬೇಡಿ ಹೊಸ್ತಿಲು ದಾಟಿದಳು.

"ಏನ್ರೀ, ಒಂದ್ ಮಾತು."

"ಈಗ್ಲಾ? ಆಚೆ ಹೋಗು."

"ಅತ್ತೇರು ಇಲ್ಲಿ ನೀರಿನ ಚೊಂಬು ಹೂತಿದಾರೆ. ಕೂಡ್ಲಿ ತೀರ್ಥ."

ಶಿವಶಂಕರಪ್ಪನ ಮುಖದ ರಕ್ತವೆಲ್ಲ ಇಳಿದುಹೋಯಿತು. "ಎಲ್ಲಿ?" ಎಂದ, ಪಿಸುಮಾತಿನಲ್ಲಿ.

"ನಾನ್ ನೋಡ್ಲಿಲ್ಲ. ಈಶಾನ್ಯ ಅಂದ್ರು."

ಅವನು ಬಲಗಡೆಯ ಬಾಗಿಲ ಮೂಲೆಯತ್ತ ನೋಡಿದ. ಷೆಡ್ಡಿನ ಬಾಗಿಲು ಇದ್ದದ್ದು ಉತ್ತರಕ್ಕೆ. ಒಳಗಿನಿಂದ ಬಾಗಿಲಿಗೆ ಮುಖ ಮಾಡಿ ನಿಂತರೆ ಬಲಮೂಲೆಯೇ ಈಶಾನ್ಯ. ಅಲ್ಲಿದ್ದದ್ದು ಬುಷ್ಷುಗಳ ಸಣ್ಣ ಅಚ್ಚುಗಳು ಮಾತ್ರ. ಕುಲುಮೆ ಗುಡುಗುತ್ತಲೇ ಇತ್ತು. ಕರಗಿದ ಕಬ್ಬಿಣ ಕಾಯುವುದಿಲ್ಲ. ಈಗ ಹೊರಗೆ ಬಿಡದಿದ್ದರೆ ಒಳಗೇ ಗಟ್ಟಿಯಾಗಿ ಕುಲುಮೆಯನ್ನೇ ಒಡೆದು ಹಾಕಬೇಕಾಗುತ್ತದೆ. ಅಧಿಕಾರಿಗಳು ಗಡಿಯಾರ ನೋಡಿದರು.

"ನಾಗಯ್ಯಾ, ಸಣ್ಣ ಅಚ್ಚು ಯಾವ್ದಕ್ಕೂ ಹುಯ್ಯೋದ್ ಬೇಡ. ಆ ಮೂಲೆಗೇ ಹೋಗ್ಬೇಡ. ಉರುಳೆ ಒಂದೇ ಸಾಕು" ಎಂದ ಶಿವಶಂಕರಪ್ಪ. ಹೆಂಡತಿಗೆ, "ಹೊರಗ್ ನಿಂತ್ಕೋ. ಮನೇಲಿ ಮಾತಾಡಾಣ" ಎಂದ.

ಅವಳು ಹೊರಗೆ ಬಂದಳು. ಹೇಳಿಬಿಟ್ಟೆನಲ್ಲ ಎಂದು ಮನಸ್ಸು ಸ್ವಲ್ಪ ಹಗುರವಾಗಿತ್ತು. ಒಳಗೆ ಕುಲುಮೆಯ ಬಾಯಿ ತೆಗೆದರು. ಕಣ್ಣು ಕುಕ್ಕುವ ಬೆಳಕು ಷೆಡ್ಡಿನ ತುಂಬ ಹರಡಿತು. ಉದ್ದ ಹಿಡಿಯ ದೊಡ್ಡ ಸೌಟಿಗೆ ಕಬ್ಬಿಣ ತುಂಬಿಕೊಂಡು, ಶಿವಶಂಕರಪ್ಪ ಒಂದು ತುದಿ, ನಾಗಯ್ಯ ಒಂದು ತುದಿ ಹಿಡಿದು ಮೆಲ್ಲಗೆ ಹೆಜ್ಜೆ ಇಡುತ್ತ ಬಾಗಿಲ ಎಡಮೂಲೆಯ ಕಡೆ ಬರತೊಡಗಿದರು.

ಅವರು ತನ್ನ ಕಡೆಗೇ ಬರುತ್ತಿರುವುದನ್ನು ನೋಡುತ್ತಿದ್ದಾಗಲೇ ಜಗದಾಂಬಾಗೆ ಆಯನೂರಿನ ನೆನಪಾಯಿತು. ಸುಭದ್ರಮ್ಮನ ಅಣ್ಣನ ಮನೆ ಅಲ್ಲಿತ್ತು. ಕಳೆದ ವರ್ಷ, ಉತ್ತರದ ಬಾಗಿಲಿನ ಆ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದಾಗ ಅತ್ತೆ ದೀಪವನ್ನು ತಪ್ಪು ದಿಕ್ಕಿಗೆ ಹಚ್ಚಿಟ್ಟು ಎಲ್ಲರ ನಗೆಗೆ ಗುರಿಯಾಗಿದ್ದಳು. ಹುಟ್ಟಿದ ಮನೆಯ ಬಾಗಿಲು ಪೂರ್ವಕ್ಕೆ, ಕೊಟ್ಟ ಮನೆಯ ಬಾಗಿಲೂ ಪೂರ್ವಕ್ಕೆ. ಹಾಗಾಗಿ ಅವಳ ಪಾಲಿಗೆ ಲೋಕದ ಬಾಗಿಲುಗಳೆಲ್ಲ ಪೂರ್ವಕ್ಕೇ. "ಬಾಗ್ಲಿಗೆ ಮುಖ ಮಾಡಿ ನಿಂತ್ರೆ ಎಡಗಡೆ ಈಶಾನ್ಯ, ಅಷ್ಟೂ ಗೊತ್ತಿಲ್ವೇನೇ ನಿಂಗೆ" ಎಂದು ಅತ್ತೆ ಎಷ್ಟು ಸಲ ಹೇಳಿದ್ದಳೋ. ಬಾಡಿಗೆ ಮನೆಯ ಬಾಗಿಲೂ ಪೂರ್ವಕ್ಕಿದ್ದುದರಿಂದ ಅಲ್ಲಿ ಅದು ನಿಜವೂ ಆಗಿತ್ತು.

ಎಡಗಡೆ. ಉರುಳೆಯ ಅಚ್ಚು.

ಕೂಗಿ ತಿಳಿಸುವಷ್ಟು ಹೊತ್ತಿರಲಿಲ್ಲ. ತಟ್ಟೆ ಬಿಸಾಡಿ ಒಳಗೆ ನುಗ್ಗಿದಳು. ಷಡಕ್ಷರಪ್ಪನವರನ್ನು ತಳ್ಳಿಕೊಂಡು ಹೋಗಿ, ಸೌಟು ಇನ್ನೂ ನಾಲ್ಕು ಹೆಜ್ಜೆ ದೂರವಿದ್ದಾಗ, ಕಬ್ಬಿಣ ಹುಯ್ಯುವ ಬಾಯಿಯ ಮೇಲೆಯೇ, ಅಚ್ಚಿನ ಮೇಲೆ ಕೂತುಬಿಟ್ಟಳು.

"ಏಳೇ! ಹುಚ್ಚು ಹಿಡೀತಾ ನಿಂಗೆ? ಏಳು!" ಗಂಡನ ಕೂಗಿಗೆ ಷೆಡ್ಡಿನ ತಗಡು ಅದುರಿತು. ಸೌಟಿನ ಕಾವು ಅವಳ ಮುಖಕ್ಕೆ ಹೊಡೆಯುತ್ತಿತ್ತು, ಹುಬ್ಬು ಸೀದ ವಾಸನೆ ಬಂತು. ಅವಳಿಗೆ ಸಾಯುವಷ್ಟು ಭಯವಾಯಿತು. ಆದರೂ ಎರಡೂ ಕೈಯಲ್ಲಿ ಅಚ್ಚಿನ ಅಂಚನ್ನು ಹಿಡಿದು, ಏಳುವುದಿಲ್ಲ ಎಂದು ತಲೆಯಾಡಿಸಿದಳು.

"ಅತ್ತೇರಿಗೆ ಬಾಗ್ಲು ಅಂದ್ರೆ ಪೂರ್ವ" ಎಂದಳು ಕೊನೆಗೆ. "ಇಲ್ಲೇ ಇದೆ ರೀ. ನನ್ ಕೆಳಗೇ ಇದೆ."

ಶಿವಶಂಕರಪ್ಪ ನಿಂತೇ ಇದ್ದ. ತಿಂಗಳುಗಟ್ಟಲೆ ಅಲೆದು ಪಡೆದ ಷೆಡ್ಡು, ಕಟ್ಟಿ ಒಣಗಿಸಿ ತಂದ ಅಚ್ಚು, ಎದುರಿಗೆ ಕೂತ ಕಮಿಟಿ. ಅವನು ಇನ್ನೂ ಒಂದು ಹೆಜ್ಜೆ ಮುಂದೆ ಇಡುತ್ತಿದ್ದನೇನೋ. ಅಷ್ಟರಲ್ಲಿ ಸೌಟಿನ ಆಚೆ ತುದಿಯಲ್ಲಿದ್ದ ನಾಗಯ್ಯ ತನ್ನ ಒಂದೇ ಕಣ್ಣಿನಲ್ಲಿ ಅವಳ ಮುಖ ನೋಡಿದ.

"ಅಣ್ಣಾ, ನಾನ್ ತಿರುಗ್ತಿದೀನಿ. ನೀನೂ ತಿರುಗು" ಎಂದು ಹೇಳಿ ತಿರುಗಿಯೇಬಿಟ್ಟ. ಒಬ್ಬ ತಿರುಗಿದರೆ ಇನ್ನೊಬ್ಬ ತಿರುಗಲೇಬೇಕು. ಕುಲುಮೆಯ ಪಾಯಕ್ಕೆಂದು ಶಿವಶಂಕರಪ್ಪನೇ ಆಳಕ್ಕೆ ಅಗೆದು ತುಂಬಿದ್ದ ಜಾಗವೊಂದೇ ಆ ಷೆಡ್ಡಿನಲ್ಲಿ ನಂಬುವಂಥದ್ದು. ಅಲ್ಲಿಯ ಬರಿಮರಳಿನ ಮೇಲೆ ಕಬ್ಬಿಣವನ್ನೆಲ್ಲ ಸುರಿದುಬಿಟ್ಟರು. ಅದು ನೆಲದ ಮೇಲೆ ಹರಡಿ, ಕೆಂಪಾಗಿ, ಕಪ್ಪಾಗಿ, ಯಾವ ಕೆಲಸಕ್ಕೂ ಬಾರದೆ ಬಿದ್ದುಕೊಂಡಿತು.

"ಇದೇನಯ್ಯಾ ನಾಟಕ!" ಎಂದು ಷಡಕ್ಷರಪ್ಪ ಪೇಟ ಸರಿಮಾಡಿಕೊಂಡರು.

ಶಿವಶಂಕರಪ್ಪ ಸೌಟು ಕೆಳಗಿಟ್ಟು ಓಡಿಬಂದ. ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ, ಹಾರೆಯಲ್ಲಿ ಅಚ್ಚನ್ನು ಮೀಟಿ ಪಕ್ಕಕ್ಕೆ ಉರುಳಿಸಿದ. ನಾಗಯ್ಯನೂ ಅವನೂ ಮೊಣಕಾಲೂರಿ ಕೈಯಿಂದಲೇ ಮರಳು ತೋಡಿದರು. ಅಲ್ಲಿ ಏನೂ ಸಿಗದಿರಲಿ ಎಂದು ಜಗದಾಂಬಾ ಬೇಡಿಕೊಂಡಳು, ಸಿಗದಿದ್ದರೆ ತಾನು ಗಂಡನ ಬಾಳು ಹಾಳು ಮಾಡಿದವಳಾಗುತ್ತೇನೆ ಎಂದು ಮರುಕ್ಷಣವೇ ಹೆದರಿದಳು. ಮೊಣಕೈ ಆಳಕ್ಕೆ ಹೋದಾಗ ನಾಗಯ್ಯ ಸಟಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡ. ಮರಳಿನಲ್ಲಿ ತಾಮ್ರದ ಕಂಠ ಹೊಳೆಯಿತು. ಅರಗು ಹಾಗೇ ಇತ್ತು, ಅದರ ಮೇಲೆ ಮೂರು ಬೆರಳು ವಿಭೂತಿಯೂ ಇತ್ತು.

ಶಂಕರನಾರಾಯಣ ಬಗ್ಗಿ ನೋಡಿದರು. "ಏನದು?"

ಸುಳ್ಳು ಹೇಳುವುದಕ್ಕೆ ಶಿವಶಂಕರಪ್ಪನ ಹತ್ತಿರ ಶಕ್ತಿಯೇ ಇರಲಿಲ್ಲ. "ನಮ್ಮವ್ವ ಇಟ್ಟಿದ್ದು ಸಾರ್. ನಂಗೆ ಒಳ್ಳೇದಾಗ್ಲಿ ಅಂತ."

ಅಧಿಕಾರಿಗಳು ಒಂದು ಸಲ ಚೊಂಬನ್ನು, ಒಂದು ಸಲ ಹುಬ್ಬು ಸೀದು ನಿಂತಿದ್ದ ಜಗದಾಂಬಾಳನ್ನು ನೋಡಿದರು. ತಾವು ನಿಂತಿದ್ದ ಜಾಗಕ್ಕೂ ಆ ಗುಂಡಿಗೂ ನಡುವೆ ಎಷ್ಟು ದೂರವಿದೆ ಎಂದೂ ನೋಡಿಕೊಂಡರು. "ನೆಲದಲ್ಲಿ ತೇವ ಇತ್ತು, ಪರೀಕ್ಷೆ ಮುಂದಕ್ಕೆ ಹಾಕಿದೆ ಅಂತ ಬರೀತೀನಿ. ಮುಂದಿನ ಬುಧವಾರ ಬರ್ತೀನಿ. ಅದೇ ಕೊನೆ, ಶಿವಶಂಕರಪ್ಪ. ಆಮೇಲೆ ನನ್ನ ಕೈಯಲ್ಲಿಲ್ಲ" ಎಂದು ಹೇಳಿ, ಬೇಗಬೇಗ ಹೊರಗೆ ನಡೆದರು.

ಮಗ ಚೊಂಬನ್ನು ತಂದು ಮುಂದಿಟ್ಟಾಗ ಸುಭದ್ರಮ್ಮನ ಸಿಟ್ಟು ನೆತ್ತಿಗೇರಿತು. "ಯಾಕೋ ಕಿತ್ತೆ? ಅದಕ್ಕೇ ಕೆಲಸ ಕೆಟ್ಟಿದ್ದು! ಜಗದಾ, ಲಿಂಗ ಮುಟ್ಟಿ ಹೇಳಿದ್ದಲ್ಲೇನೇ ನೀನು?" ಎಂದು ಕೂಗಾಡಿದಳು. ಇನ್ನೊಂದು ಚೊಂಬು ತರಿಸುತ್ತೇನೆ, ಈ ಸಲ ಇನ್ನೂ ಆಳಕ್ಕೆ ಇಡುತ್ತೇನೆ ಎಂದಳು. ಶಿವಶಂಕರಪ್ಪ ತಲೆ ತಗ್ಗಿಸಿ ಕೂತಿದ್ದ. ತಾಯಿ ತನ್ನನ್ನು ಕೊಲ್ಲಲಿದ್ದಳು ಎಂದು ತಾಯಿಗೆ ಹೇಳುವುದು ಅವನಿಂದ ಆಗುತ್ತಿರಲಿಲ್ಲ.

ಜಗದಾಂಬಾ ಹೇಳಿದಳು. ಭದ್ರಾವತಿಯಲ್ಲಿ ಉಕ್ಕಿದ್ದು ಎಣ್ಣೆ ಬಾಣಲೆಯಲ್ಲ ಎಂದು ಹೇಳಿದಳು. ನೆಲದೊಳಗಿನ ನೀರು ಏನು ಮಾಡಿತೆಂದು ಹೇಳಿದಳು. ನಾಗಯ್ಯನನ್ನು ಕರೆದು ಅತ್ತೆಯ ಮುಂದೆ ಕೂರಿಸಿದಳು. "ಆ ಚೊಂಬು ಇವ್ರನ್ನ ತಗೊಂಡ್ ಹೋಗ್ತಿತ್ತು ಅತ್ತೇರೇ. ನಾಗಯ್ಯನ್ನೂ. ನನ್ನೂ."

ಸುಭದ್ರಮ್ಮ ಎದ್ದು ಹತ್ತಿರ ಬಂದಳು. ನಾಗಯ್ಯನ ಕೆನ್ನೆಯ ಸುಟ್ಟ ಚರ್ಮವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಚೊಂಬನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಆ ವಾರವೆಲ್ಲ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮಗ ಎದುರಿಗೆ ಬಂದರೆ ಅವನನ್ನೇ ದಿಟ್ಟಿಸುತ್ತಿದ್ದಳು, ಅವನು ನೋಡಿದರೆ ಮುಖ ತಿರುಗಿಸುತ್ತಿದ್ದಳು. ಜಗದಾಂಬಾಗೆ ಹೊಸ ಭಯ ಶುರುವಾಯಿತು. ಮುದುಕಿ ಒಳಗೊಳಗೆ ಏನನ್ನು ಹೂಡುತ್ತಿದ್ದಾಳೋ? ಮಂಗಳವಾರ ಷೆಡ್ಡಿನ ನೆಲವನ್ನೆಲ್ಲ ಗಂಡನೊಂದಿಗೆ ತಾನೂ ಕಬ್ಬಿಣದ ಸರಳಿನಲ್ಲಿ ಚುಚ್ಚಿ ಚುಚ್ಚಿ ನೋಡಿದಳು. ಬುಧವಾರ ಹೊರಡುವಾಗ ಅತ್ತೆಯನ್ನು ಒಳಗೇ ಬಿಟ್ಟು, ಕದ ಮುಂದಕ್ಕೆ ಎಳೆದುಕೊಂಡು ಬಂದಳು.

ಆ ದಿನ ಷಡಕ್ಷರಪ್ಪ ಪನ್ನೀರುದಾನಿ ತಂದಿರಲಿಲ್ಲ. ಕುಲುಮೆಯ ಬಾಯಿ ತೆಗೆದರು. ಸೌಟು ತುಂಬಿತು. ಕಬ್ಬಿಣ ಅಚ್ಚಿನ ಬಾಯಿಗೆ ಇಳಿಯತೊಡಗಿದಾಗ ಜಗದಾಂಬಾ ಕಣ್ಣು ಮುಚ್ಚಿದಳು. ಸದ್ದು ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ಕಣ್ಣು ತೆರೆದಾಗ ಅಚ್ಚಿನ ಬಾಯಿ ತುಂಬಿ, ಮೇಲೆ ಸಣ್ಣ ನೀಲಿ ಜ್ವಾಲೆ ಉರಿಯುತ್ತಿತ್ತು. ಗಂಡ ಅವಳ ಕಡೆ ನೋಡಿ ಒಮ್ಮೆ ತಲೆಯಾಡಿಸಿದ. ಸಂಜೆಯ ಹೊತ್ತಿಗೆ ಅಚ್ಚು ಒಡೆದು, ಉರುಳೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಿದರು. ಗಂಟೆಯ ಹಾಗೆ ನಾದ ಬಂತು. ಶಂಕರನಾರಾಯಣ ಷೆಡ್ಡಿನ ಕೀಲಿಯನ್ನು ಶಿವಶಂಕರಪ್ಪನ ಕೈಗೆ ಕೊಟ್ಟು, ಇದೇ ಮೊದಲ ಸಲ, ನಕ್ಕರು.

ಮೂವರೂ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮೈಯೆಲ್ಲ ಮಸಿ, ಗಂಟಲೆಲ್ಲ ಹೊಗೆ. ಕೈಕಾಲು ತೊಳೆಯೋಣವೆಂದು ಶಿವಶಂಕರಪ್ಪ ಹಿತ್ತಿಲ ಹಂಡೆಯ ಹತ್ತಿರ ಹೋದರೆ ಹಂಡೆ ಬೋರಲಾಗಿ ಬಿದ್ದಿತ್ತು. ಪಕ್ಕದ ತೊಟ್ಟಿಯೂ ಬರಿದು. ಜಗದಾಂಬಾ ಅಡುಗೆಮನೆಗೆ ಓಡಿದಳು. ಬೆಳಿಗ್ಗೆ ತುಂಬಿಟ್ಟಿದ್ದ ಕೊಡಪಾನ, ಬಿಂದಿಗೆ, ತಂಬಿಗೆ, ಲೋಟ ಎಲ್ಲವನ್ನೂ ಒರೆಸಿ ಮಗುಚಿ ಸಾಲಾಗಿ ಇಟ್ಟಿತ್ತು. ಒಲೆ ತಣ್ಣಗಿತ್ತು.

"ಅತ್ತೇರೇ!"

ಸುಭದ್ರಮ್ಮ ದೇವರಕೋಣೆಯ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ಅಂಗೈಯ ಲಿಂಗದ ಮೇಲೆ ಬರೀ ಒಣ ವಿಭೂತಿ. ಹುಟ್ಟಿದಾಗಿನಿಂದ ಒಂದು ದಿನವೂ ಅವಳು ಲಿಂಗಕ್ಕೆ ನೀರೆರೆಯದೆ ಪೂಜೆ ಮಾಡಿದವಳಲ್ಲ.

"ಎಲ್ಲಾ ಚೆಲ್ಲಿಬಿಟ್ಟೆ ಕಣೇ ಜಗದಾ" ಎಂದಳು. ಧ್ವನಿ ಗೊಗ್ಗರಾಗಿತ್ತು. "ನೀವ್ ಅತ್ಲಾಗೆ ಹೋದ್ರಿ, ಇತ್ಲಾಗೆ ಚೆಲ್ದೆ. ಮನೇಲಿ ಒಂದ್ ತೊಟ್ಟು ಉಳಿಸಿಲ್ಲ. ಎಲ್ಲಿ ನೀರು ಎಲ್ಲಿಗ್ ಹೋಗಿ ತಾಗುತ್ತೋ, ನನ್ನಂಥೋಳಿಗೆ ಏನ್ ಗೊತ್ತಾಗುತ್ತೆ?"

"ಬೆಳಿಗ್ಗೆಯಿಂದ ಏನೂ ಕುಡ್ದಿಲ್ವಾ?"

ಮುದುಕಿ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಬಾಗಿಲಲ್ಲಿ ಬಂದು ನಿಂತ ಮಗನ ಮಸಿ ಮುಖವನ್ನು, ಎರಡು ಕಣ್ಣನ್ನು, ಎರಡು ಕೈಯನ್ನು ಒಂದೊಂದಾಗಿ ನೋಡಿದಳು.

"ಮುಗೀತೇನೋ ಶಂಕ್ರ?" ಎಂದು ಕೇಳಿದಳು. "ಇನ್ನು ನಾನ್ ನೀರ್ ಕುಡೀಬಹುದಾ?"

ಶಿವಶಂಕರಪ್ಪ ಕುಸಿದು ತಾಯಿಯ ಮಡಿಲಲ್ಲಿ ತಲೆಯಿಟ್ಟ. ಜಗದಾಂಬಾ ಬಿಂದಿಗೆ ಎತ್ತಿಕೊಂಡು ಬೀದಿಯ ನಲ್ಲಿಗೆ ಓಡಿದಳು.